ಅಂತಕ್ಕನ ಹೊಟ್ಟೆಕಿಚ್ಚು

ಬೆಳಿಗ್ಗೆ ಐದೂವರೆ. ನಾಲ್ಕು ಮಹಡಿ ಎತ್ತರದ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ದೀಪ. ಅದರ ಕೆಳಗೆ ಐವತ್ತಾರು ವರ್ಷದ ಹೆಂಗಸೊಬ್ಬರು ಕೈಯ ಹಿಂಬದಿಯಿಂದ ಕೊಳವೆಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗುತ್ತಿದ್ದಾರೆ. ಒಟ್ಟು ನಲವತ್ತೊಂದು ಕೊಳವೆ. ಬಾಯಲ್ಲಿ ಎಣಿಕೆ ನಡೆದೇ ಇದೆ. ನಡುವೆ ನಾನು ಏನೋ ಕೇಳಲು ಹೋದರೆ, “ಸುಮ್ನಿರಿ, ಎಣಿಕೆ ತಪ್ಪಿಸಿದ್ರಿ” ಎಂದು ಗದರಿಸಿ ಮತ್ತೆ ಒಂದರಿಂದ ಶುರು ಮಾಡುತ್ತಾರೆ.

“ಅಂಗೈಯಿಂದ ಮುಟ್ಟಬಾರದು,” ಎಂದು ಆಮೇಲೆ ತಾವಾಗಿಯೇ ಹೇಳುತ್ತಾರೆ. “ಬಿಸಿ ತಾಗಿದ್ರೆ ಬೆರಳು ಮಡಚಿಕೊಂಡು ಕೊಳವೇನೇ ಹಿಡ್ಕೊಂಡುಬಿಡುತ್ತೆ. ಹಿಂಬದಿ ಆದ್ರೆ ಕೈ ತಾನೇ ವಾಪಸ್ ಬರುತ್ತೆ. ಹೊಸಬರಿಗೆ ನನ್ನ ಮೊದಲ ಪಾಠ ಇದೇ. ಡಾಕ್ಟರೇಟ್ ಮಾಡೋಕೆ ಬಂದಿರ್ತಾರೆ, ಕೈ ಯಾವ ಕಡೆ ಇಡಬೇಕು ಅಂತ ಗೊತ್ತಿರಲ್ಲ.”

ಈ ಶೆಡ್ಡಿನಲ್ಲಿರುವುದು ಅಣು ರಿಯಾಕ್ಟರ್ ಅಲ್ಲ, ಅದರ ವೇಷ ಹಾಕಿಕೊಂಡ ಉಕ್ಕಿನ ಹಂಡೆ. ಯುರೇನಿಯಂ ಇರಬೇಕಾದ ಜಾಗದಲ್ಲಿ ಒಂಬತ್ತು ವಿದ್ಯುತ್ ಸರಳುಗಳಿವೆ. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಅದರ ಇಂಧನ ದಿನಗಟ್ಟಲೆ ಬಿಸಿ ಕಾರುತ್ತಲೇ ಇರುತ್ತದೆ. ಅದು ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದು ಸರಳು ಬಯಲಾದರೆ ಕರಗುವುದೇ ದಾರಿ. ಆ ಅಪಘಾತ ಯಾವ ಹೆಜ್ಜೆಯಲ್ಲಿ ಬರುತ್ತದೆ, ಎಲ್ಲಿ ತಡೆಯಬಹುದು ಎಂದು ಕಲಿಯಲು ಎಳೆಯ ಸಂಶೋಧಕರು ಹನ್ನೆರಡು ವಾರದ ತರಬೇತಿಗೆ ಇಲ್ಲಿಗೆ ಬರುತ್ತಾರೆ. ಎಂಟು ವಾರ ಅಂಗಳದಾಚೆಯ ಕಂಪ್ಯೂಟರ್ ಹಾಲಿನಲ್ಲಿ, ನಾಲ್ಕು ವಾರ ಈ ಹಂಡೆಯ ಪಕ್ಕದಲ್ಲಿ. ಹಂಡೆಯ ಪಾಠ ಈ ಹಿರಿಯ ತಂತ್ರಜ್ಞೆಯದು. ಹುಡುಗರು ಎದುರಿಗೆ ‘ಅಕ್ಕ’ ಅನ್ನುತ್ತಾರೆ, ಬೆನ್ನ ಹಿಂದೆ ‘ಅಂತಕ್ಕ’.

ಅಡ್ಡಹೆಸರಿಗೆ ಕಾರಣ ದಿನಚರಿ ಪುಸ್ತಕ. ನೀರಿನ ಮಟ್ಟ ತೋರಿಸುವ ಮುಳ್ಳು ಎಪ್ಪತ್ತರಲ್ಲಿದ್ದರೆ ‘ನೀರು ಎಪ್ಪತ್ತು ಇದೆ’ ಎಂದು ಬರೆಯಲು ಇವರು ಬಿಡುವುದಿಲ್ಲ. ‘ಎಪ್ಪತ್ತು ಇದೆಯಂತೆ’ ಎಂದೇ ಬರೆಯಬೇಕು. “ನೀರನ್ನ ನೀನು ಕಣ್ಣಾರೆ ನೋಡಿದ್ಯಾ? ಇಲ್ಲ ತಾನೆ? ಮುಳ್ಳು ಹೇಳ್ತು, ನೀನು ಕೇಳ್ದೆ. ಪಕ್ಕದ ಮನೆಯವರ ಸುದ್ದಿಗೆ ಅಂತೆ ಹಾಕ್ತೀಯ, ಮುಳ್ಳಿನ ಸುದ್ದಿಗೆ ಯಾಕೆ ಹಾಕಲ್ಲ?” ‘ಇದೆ’ ಎಂದು ಬರೆದವರು ಇಡೀ ಪುಟ ಮತ್ತೆ ಬರೆಯಬೇಕು. ಒಬ್ಬ ಹುಡುಗ ರೇಗಿ, ‘ಇವತ್ತು ಸೋಮವಾರವಂತೆ’ ಎಂದು ಬರೆದಿಟ್ಟಿದ್ದ. ಅದಕ್ಕೂ ಸರಿ ಗುರುತು ಹಾಕಿದರು.

ಇದು ಬರೀ ಹಟವಲ್ಲ. ಮುಳ್ಳು ನೀರನ್ನು ನೋಡುವುದಿಲ್ಲ, ತೂಗುತ್ತದೆ. ಹಂಡೆಯ ಪಕ್ಕದಲ್ಲಿ ಸದಾ ತುಂಬಿರುವ ಒಂದು ಸಣ್ಣ ಕೊಳವೆಯಿದೆ. ಅದರ ನೀರಿನ ಭಾರಕ್ಕೆ ಹಂಡೆಯ ನೀರಿನ ಭಾರವನ್ನು ಹೋಲಿಸಿ ಮುಳ್ಳು ಓಡುತ್ತದೆ, ತಕ್ಕಡಿಯಲ್ಲಿ ತೂಕದ ಕಲ್ಲಿದ್ದ ಹಾಗೆ. “ಸಣ್ಣ ಕೊಳವೆ ಕಾದು ಅದರ ನೀರೇ ಆವಿಯಾಗಿ ಹೋದ್ರೆ? ಕಲ್ಲು ಸವೆದ್ರೆ ಅರ್ಧ ಕಿಲೋ ಸಾಮಾನೂ ಒಂದು ಕಿಲೋ ತೂಗುತ್ತೆ. ಹಂಡೆ ಬರಿದಾಗ್ತಿರುತ್ತೆ, ಮುಳ್ಳು ತುಂಬಿದೆ ಅನ್ನುತ್ತೆ. ನಂಬಿದವನು ನೀರಿನ ಪಂಪು ನಿಲ್ಲಿಸ್ತಾನೆ. ಅಲ್ಲಿಗೆ ಮುಗೀತು.” ಹಾಗಾಗದಿರಲಿ ಎಂದೇ ಆ ಕೊಳವೆಗೆ ತಣ್ಣೀರು ಹರಿಯುವ ಹೊದಿಕೆ ಹಾಕಿದ್ದಾರೆ. ಪ್ರತಿ ತಂಡಕ್ಕೂ ಒಂದು ಸಂಜೆ ಆ ತಣ್ಣೀರಿನ ಕವಾಟವನ್ನು ಬೇಕೆಂದೇ ಮುಚ್ಚಿ, ಮುಳ್ಳು ಹೇಗೆ ಸುಳ್ಳು ಹೇಳುತ್ತದೆಂದು ಅಕ್ಕ ತೋರಿಸುತ್ತಾರೆ. ಆಗ ನಂಬಬೇಕಾದದ್ದು ಸರಳುಗಳ ನೆತ್ತಿಯ ಬಿಸಿಯನ್ನು. ನೆತ್ತಿ ಮುಳುಗಿರುವವರೆಗೆ ಆ ಬಿಸಿ ಮಿತಿ ಮೀರುವುದಿಲ್ಲ.

ಇಂಥವರ ಬಗ್ಗೆ ‘ನಿಸ್ವಾರ್ಥ ಸೇವೆ’ ಎಂದು ಬರೆದು ಕೈ ತೊಳೆದುಕೊಳ್ಳುವುದು ಪತ್ರಿಕೆಯವರ ಚಾಳಿ. ನನಗೆ ಆ ಸುಳ್ಳು ಆಗಿಬರುವುದಿಲ್ಲ. ಈ ಅಕ್ಕನಿಗೆ ಹೊಟ್ಟೆಕಿಚ್ಚಿದೆ. ಚೂರುಪಾರು ಅಲ್ಲ, ಭರ್ತಿ ಇದೆ. ಹಾಗೆ ಬರೆಯಲೇ ಎಂದು ನೇರವಾಗಿ ಕೇಳಿದೆ.

“ಬರ್ಕೊಳ್ಳಿ, ಏನೀಗ? ಈ ಹಂಡೆಗೂ ಹೊಟ್ಟೇಲಿ ಕಿಚ್ಚು, ನನಗೂ ಹೊಟ್ಟೇಲಿ ಕಿಚ್ಚು. ಅದಕ್ಕೇ ಇಪ್ಪತ್ತೆರಡು ವರ್ಷ ಹೊಂದಿಕೊಂಡು ಬಂದಿದೀವಿ.”

ಕಿಚ್ಚು ಯಾರ ಮೇಲೆ ಎಂದು ಹುಡುಕಬೇಕಾಗಿಲ್ಲ. ಅಂಗಳ ದಾಟಿದರೆ ಕಂಪ್ಯೂಟರ್ ಹಾಲು, ಅದರ ಯಜಮಾನ ‘ಪರದೆ ಮೇಷ್ಟ್ರು’. ವಯಸ್ಸು ಮೂವತ್ತೆಂಟು. ಹದಿನಾಲ್ಕು ವರ್ಷದ ಹಿಂದೆ ಇದೇ ಹಂಡೆಯ ಬುಡದಲ್ಲಿ, ಇದೇ ಅಕ್ಕನ ಕೈಯಲ್ಲಿ ಪುಟ ತಿದ್ದಿಸಿಕೊಂಡವನು. ಈಗ ಅವನ ಹಾಲಿನಲ್ಲಿ ತಣ್ಣನೆ ಗಾಳಿ, ಮೆತ್ತನೆ ಕುರ್ಚಿ, ಗೋಡೆಯಗಲದ ಪರದೆ. ಅಲ್ಲಿ ಬರೀ ಲೆಕ್ಕದಲ್ಲೇ ದಿನಕ್ಕೆ ಇಪ್ಪತ್ತು ಅಪಘಾತ ಮಾಡಬಹುದು. ಇಲ್ಲಿ ದಿನಕ್ಕೆ ಒಂದು, ಏಕೆಂದರೆ ಹಂಡೆ ತಣಿಯಬೇಕು. ಅಲ್ಲಿ ಲಿಫ್ಟು. ಇಲ್ಲಿ ನಾಲ್ಕು ಮಹಡಿಯ ಕಬ್ಬಿಣದ ಮೆಟ್ಟಿಲನ್ನು ಅಕ್ಕ ದಿನಕ್ಕೆ ಹದಿನಾರು ಸಲ ಹತ್ತಿ ಇಳಿಯುತ್ತಾರೆ. ಹತ್ತೊಂಬತ್ತು ತಂಡಗಳ, ಇನ್ನೂರ ಮೂವತ್ತು ಹುಡುಗರ ಗುಂಪುಚಿತ್ರ ಗೋಡೆಯ ಮೇಲಿದೆ. ಒಂದರಲ್ಲೂ ಅಕ್ಕ ಇಲ್ಲ. ತೆಗೆದವರು ಅವರೇ. ಕೊನೆಯ ಆರು ಚಿತ್ರಗಳ ನಟ್ಟನಡುವೆ ಪರದೆ ಮೇಷ್ಟ್ರು ಕುಳಿತಿದ್ದಾನೆ.

“ಅವನು ಕೆಟ್ಟವನಲ್ಲ,” ಎನ್ನುತ್ತಾರೆ ಅಕ್ಕ. “ಅದೇ ನನಗೆ ಕಷ್ಟ. ಕೆಟ್ಟವನಾಗಿದ್ರೆ ಬೈದು ಹಗುರಾಗ್ತಿದ್ದೆ.” ಮೇಜಿನ ಡ್ರಾಯರಿನಲ್ಲಿ ಒಂದು ಕಿರುಪುಸ್ತಕವಿದೆ. ಪರದೆಯ ಲೆಕ್ಕ ತಪ್ಪಿದ ಪ್ರತಿ ಸಲವನ್ನೂ ತಾರೀಖು ಸಮೇತ ಬರೆದಿಟ್ಟಿದ್ದಾರೆ. ಆರು ವರ್ಷದಲ್ಲಿ ಹದಿನೇಳು.

ಅಕ್ಕನ ಅಪ್ಪ ಬಟ್ಟೆ ಗಿರಣಿಯಲ್ಲಿ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು. ಮಗಳು ಫಿಟ್ಟರ್ ಕೆಲಸ ಕಲಿಯಲು ಹೋದಾಗ ತರಗತಿಯಲ್ಲಿ ಹೆಣ್ಣು ಎಂದರೆ ಇವರೊಬ್ಬರೇ. ಈ ಕೆಲಸಕ್ಕೆ ಸೇರಿದ ಮೂರನೇ ವರ್ಷ ಆವಿ ತಾಗಿ ಬಲ ಮುಂಗೈ ಸುಟ್ಟು, ಏಳು ತಿಂಗಳು ಮನೆಯಲ್ಲಿದ್ದರು. ಮಂಡಿ ಎರಡೂ ಸವೆದಿವೆ. ಗಂಡ ನಗರದ ಬಸ್ಸು ಓಡಿಸುತ್ತಾರೆ. ಹೆಂಡತಿಯ ಕಿಚ್ಚಿನ ಬಗ್ಗೆ ಕೇಳಿದರೆ ನಗುತ್ತಾರೆ. “ನನಗಿಲ್ವಾ? ಮುಂದಿನ ಬಸ್ಸಿನವನು ಎಲ್ಲಾ ನಿಲ್ದಾಣದಲ್ಲೂ ಜನಾನ ಬಾಚಿಕೊಂಡು ಹೋಗ್ತಾನೆ. ನಾನು ಖಾಲಿ ಬಸ್ ಓಡಿಸ್ತೀನಿ. ಹೊಟ್ಟೆ ಉರಿಯುತ್ತೆ ಮಾರಾಯ್ರೇ. ಆದ್ರೆ ನಾನು ಪುಸ್ತಕ ಬರೆದಿಟ್ಟಿಲ್ಲ.”

ಈ ವರ್ಷ ಕಿಚ್ಚಿಗೆ ತುಪ್ಪ ಬಿತ್ತು. ಹಂಡೆಯ ನಾಲ್ಕು ವಾರವನ್ನೂ ಪರದೆಗೇ ಕೊಟ್ಟು ಶೆಡ್ಡಿಗೆ ಬೀಗ ಹಾಕಿದರೆ ಹೇಗೆ ಎಂಬ ಪ್ರಸ್ತಾವ ಬಂತು. ತೀರ್ಮಾನಿಸಲು ಐದು ಜನರ ಸಮಿತಿ. ಅವರೆದುರು ಹಂಡೆಯೂ ಪರದೆಯೂ ಒಂದೇ ಅಪಘಾತವನ್ನು ಒಂದೇ ಹೊತ್ತಿಗೆ ಆಡಿ ತೋರಿಸಬೇಕು. ಮುಂದಿನದನ್ನು ಅಕ್ಕ, ಪರದೆ ಮೇಷ್ಟ್ರು, ಅಂದು ದಿನಚರಿ ಬರೆಯುತ್ತಿದ್ದ ತರಬೇತಿಯ ಹುಡುಗಿ, ಮೂವರೂ ನನಗೆ ಬೇರೆಬೇರೆಯಾಗಿ ಹೇಳಿದರು. ಮೂರೂ ತಾಳೆಯಾಗುತ್ತವೆ. ಹಾಗಾಗಿ ಅಂತೆ ಹಾಕದೆ ಬರೆಯುತ್ತೇನೆ.

ಅಂದು ಬೆಳಿಗ್ಗೆ ಐದೂವರೆಗೇ ಪರದೆ ಮೇಷ್ಟ್ರು ತಂತಿಗಳ ಸುರುಳಿ ಹೊತ್ತು ಶೆಡ್ಡಿಗೆ ಬಂದ. “ಅಕ್ಕಾ, ಪರದೇನ ಇಲ್ಲೇ ತಂದು ನಿಲ್ಲಿಸಬೇಕು, ಸಮಿತಿಯವರಿಗೆ ಎರಡೂ ಒಟ್ಟಿಗೆ ಕಾಣಲಿ.”

“ನನ್ನ ಶೆಡ್ಡಿನಲ್ಲಿ ನಿನ್ನ ಅಂಗಡಿ ಇಡ್ತೀಯೇನಪ್ಪಾ?”

“ಅರ್ಧ ದಿನಕ್ಕೆ ಅಕ್ಕಾ. ಬಾಡಿಗೆ ಬೇಕಾದ್ರೆ ಹೇಳಿ.”

ಮಾತಿಗೆ ಮಾತು ಬೆಳೆಯಿತು. ಇಪ್ಪತ್ತಮೂರನೇ ಕೊಳವೆಗೆ ಎಣಿಕೆ ನಿಂತಿತು. ಉಳಿದ ಹದಿನೆಂಟನ್ನು, ಅದರಲ್ಲಿ ಹಂಡೆಯ ಪಕ್ಕದ ಆ ಸಣ್ಣ ಕೊಳವೆಯನ್ನೂ, ಅಕ್ಕ ಮುಟ್ಟಲೇ ಇಲ್ಲ. ಹಿಂದಿನ ಸಂಜೆಯ ಸುಳ್ಳುಮುಳ್ಳಿನ ಪಾಠಕ್ಕೆ ಮುಚ್ಚಿದ್ದ ತಣ್ಣೀರಿನ ಕವಾಟ ಮುಚ್ಚಿಕೊಂಡೇ ಇತ್ತು.

ಹನ್ನೊಂದಕ್ಕೆ ಸರಳುಗಳು ಕಾದವು, ನೀರು ಹೊರಗೆ ಬಿಟ್ಟರು. ಇಪ್ಪತ್ತು ನಿಮಿಷದಲ್ಲಿ ಪರದೆ ‘ನಲವತ್ತು’ ಎಂದಿತು, ಒಳಗೆ ಹೋದ ನೀರು, ಹೊರಗೆ ಬಂದ ನೀರು ಕೂಡಿ ಕಳೆದು. ಹಂಡೆಯ ಮುಳ್ಳು ಎಪ್ಪತ್ತರಲ್ಲಿತ್ತು. ಸಮಿತಿಯ ಹಿರಿಯರು ಕೇಳಿದರು, “ಯಾವುದು ನಿಜ?”

ಅಕ್ಕನ ಕಣ್ಣಿಗೆ ಪರದೆಯ ಹದಿನೆಂಟನೇ ತಪ್ಪು ಬಿತ್ತು. ಅದೂ ಐದು ಜನರ ಎದುರಿಗೆ. “ಎಪ್ಪತ್ತು ಇದೆ,” ಎಂದರು ಗಟ್ಟಿಯಾಗಿ. “ನೀರಿದೆ. ಪರದೆ ಸುಳ್ಳು.”

ಇಲ್ಲಿ ನಾನು ಪರದೆ ಮೇಷ್ಟ್ರ ಮಾತನ್ನೇ ಕೊಡಬೇಕು. “ಅಕ್ಕ ‘ಇದೆ’ ಅಂದ್ಮೇಲೆ ಮುಗೀತು, ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಅಂದ್ಕೊಂಡೆ. ಪರದೇನ ಎಪ್ಪತ್ತಕ್ಕೆ ತಿದ್ದೋಕೆ ಕೂತೆ. ಹದಿನಾಲ್ಕು ವರ್ಷದಲ್ಲಿ ಅವರ ಬಾಯಲ್ಲಿ ಆ ಪದ ಕೇಳಿರಲಿಲ್ಲ ನೋಡಿ.”

ದಿನಚರಿ ಹಿಡಿದಿದ್ದ ಹುಡುಗಿಗೆ ಇಪ್ಪತ್ತನಾಲ್ಕು ವರ್ಷ, ದಪ್ಪ ಕನ್ನಡಕ. ಅವಳು ಹೇಳಿದಳು, “ಅಕ್ಕಾ, ಇದೆಯಂತೆ.”

ಯಾರೋ ಕಿಸಕ್ಕೆಂದರು. ಅಕ್ಕ ಅವಳತ್ತ ತಿರುಗಿ ನೋಡಿದ ನೋಟಕ್ಕೆ ಬೇರೆಯವರಾದರೆ ಪುಸ್ತಕ ಕೆಳಗಿಟ್ಟು ಹೋಗುತ್ತಿದ್ದರು. ಹುಡುಗಿ ಬಿಸಿ ತೋರಿಸುವ ಅಂಕಿಯತ್ತ ಬೆರಳು ಮಾಡಿದಳು. “ನೆತ್ತಿ ಬಿಸಿ ನಾನೂರು ಡಿಗ್ರಿ ದಾಟ್ತು ಅಕ್ಕಾ. ಏರ್ತಾನೇ ಇದೆ.”

ಅಕ್ಕ ಎರಡೇ ಹೆಜ್ಜೆಗೆ ಸಣ್ಣ ಕೊಳವೆಯ ಹತ್ತಿರ ಹೋಗಿ ಕೈಯ ಹಿಂಬದಿ ತಾಗಿಸಿದರು. ಕೈ ಹಾರಿ ಹಿಂದಕ್ಕೆ ಬಂತು. ಮರುಕ್ಷಣ ಕೆಂಪು ಗುಂಡಿ ಒತ್ತಿ ವಿದ್ಯುತ್ ಕಡಿದರು, ನೀರು ಬಿಟ್ಟರು. ಇನ್ನೈದು ನಿಮಿಷ ತಡವಾಗಿದ್ದರೆ ಒಂಬತ್ತೂ ಸರಳು ಸುಟ್ಟು, ಸಮಿತಿಗೆ ತೀರ್ಮಾನಿಸಲು ಹಂಡೆಯೇ ಇರುತ್ತಿರಲಿಲ್ಲ.

ಸಮಿತಿಯವರು ನೋಡುತ್ತಿದ್ದಂತೆ ಅಕ್ಕ ಹುಡುಗಿಯ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ಬರೆದರು. ಆ ಪುಟವನ್ನು ನಾನು ನೋಡಿದ್ದೇನೆ. ‘ನೀರಿದೆ ಎಂದು ನಾನು ಹೇಳಿದೆ. ಇರಲಿಲ್ಲ. ತಣ್ಣೀರಿನ ಕವಾಟ ನಿನ್ನೆ ನಾನೇ ಮುಚ್ಚಿದ್ದು, ಇಂದು ತೆರೆಯಲಿಲ್ಲ. ಪರದೆ ಸರಿ. ತಡೆದವಳು ತರಬೇತಿಯ ಹುಡುಗಿ.’ ಕೆಳಗೆ ಸಹಿ. ‘ಪರದೆ ಸರಿ’ ಎಂಬಲ್ಲಿ ಪೆನ್ನು ಕಾಗದವನ್ನು ಹರಿದಿದೆ.

ಹಿರಿಯರು ಹುಡುಗಿಯನ್ನು ಕೇಳಿದರು. “ದೊಡ್ಡವರು ಮಾತಾಡುವಾಗ ಅಡ್ಡ ಬಾಯಿ ಹಾಕೋಕೆ ಯಾರಮ್ಮ ಕಲಿಸಿದ್ದು?”

“ಅಕ್ಕನೇ ಸಾರ್. ಅಂತೆ ಬಿಟ್ಟು ಮಾತಾಡಿದವರು ಯಾರೇ ಆಗಿರಲಿ ತಡೀಬೇಕು, ಇಲ್ಲಾಂದ್ರೆ ಸರ್ಟಿಫಿಕೇಟ್ ಕೊಡಲ್ಲ ಅಂತ ಮೊದಲ ದಿನಾನೇ ಹೇಳಿದ್ದಾರೆ.”

ಹಿರಿಯರು ಪರದೆ ಮೇಷ್ಟ್ರ ಕಡೆ ತಿರುಗಿದರು. “ನಿಮ್ಮ ಹಾಲಿನಲ್ಲಿ ಹುಡುಗರು ನಿಮ್ಮನ್ನು ಹೀಗೆ ತಡೆದದ್ದುಂಟಾ?”

“ಇಲ್ಲ ಸಾರ್,” ಎಂದ ಅವನು. “ಅಲ್ಲಿ ತಪ್ಪಾದ್ರೆ ಮತ್ತೆ ಮೊದಲಿಂದ ಶುರು ಮಾಡ್ತೀವಿ. ಯಾರಿಗೂ ಭಯ ಇರಲ್ಲ.”

ಹದಿನೈದು ದಿನಕ್ಕೆ ತೀರ್ಮಾನ ಬಂತು. ಹಂಡೆಯ ನಾಲ್ಕು ವಾರ ಐದಾಯಿತು. ಆದರೆ ಶೆಡ್ಡು, ಹಾಲು ಎರಡಕ್ಕೂ ಸೇರಿ ಒಬ್ಬರೇ ಮುಖ್ಯಸ್ಥರು, ಪರದೆ ಮೇಷ್ಟ್ರು. ಇನ್ನು ಅಕ್ಕನ ರಜೆ ಅರ್ಜಿಗೆ ಸಹಿ ಹಾಕುವವನು ಅವನು. ಕವಾಟ ಮರೆತವರನ್ನು ಮುಖ್ಯಸ್ಥರನ್ನಾಗಿ ಮಾಡುವುದಿಲ್ಲ ಎಂದರೆ ನ್ಯಾಯವೇ. ಆದರೆ ಇಪ್ಪತ್ತೆರಡು ವರ್ಷ ಮರೆಯದಿದ್ದಾಗ ಯಾಕೆ ಮಾಡಲಿಲ್ಲ? ಸಂಸ್ಥೆಯ ಕಚೇರಿಯಲ್ಲಿ ಇದನ್ನು ಕೇಳಿದೆ. ‘ವಿದ್ಯಾರ್ಹತೆ’ ಎಂದು ಗೊಣಗಿದರು. ನನ್ನ ಬಾಯಿಗೆ ಬಂದದ್ದನ್ನು ಅಚ್ಚು ಹಾಕಲು ಬರುವುದಿಲ್ಲ.

ಅಕ್ಕನ ಕಿಚ್ಚು ಆರಿತೇ? ಎಲ್ಲಿ ಬಂತು. ಈಗ ಅದಕ್ಕೆ ಎರಡನೇ ಒಲೆ ಸಿಕ್ಕಿದೆ. “ಆ ಹುಡುಗಿ ಮೇಲೂ ಹೊಟ್ಟೆ ಉರಿಯುತ್ತೆ,” ಎನ್ನುತ್ತಾರೆ, ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ. “ಅವಳ ವಯಸ್ಸಲ್ಲಿ ನಾನೂ ಒಂದು ತಪ್ಪು ನೋಡಿದ್ದೆ. ದೊಡ್ಡವರ ತಪ್ಪು. ಬಾಯಿ ಬರಲಿಲ್ಲ, ನುಂಗಿಕೊಂಡೆ. ಇವಳು ಅಷ್ಟು ಜನರ ಮುಂದೆ, ನನಗೇ ಹೇಳಿದ್ಲು. ಆ ಧೈರ್ಯ ನನಗ್ಯಾಕೆ ಬರಲಿಲ್ಲ ಅಂತ ದಿನಾ ಅನ್ನಿಸುತ್ತೆ.”

ನಿವೃತ್ತಿಗೆ ಎರಡು ವರ್ಷವಿದೆ. ಅಷ್ಟರಲ್ಲಿ ಏನು ಬೇಕು ಎಂದರೆ ಸನ್ಮಾನ, ಶಾಲು ಅನ್ನಲಿಲ್ಲ. “ಇನ್ನೊಂದು ನಾಲ್ಕು ಜನ ನನ್ನ ಬಾಯಿ ಮುಚ್ಚಿಸಬೇಕು. ಅಷ್ಟಾದ್ರೆ ಸಾಕು.” ಅಂಗಳದಾಚೆ ಹಾಲಿನ ಗಾಜಿನ ಬಾಗಿಲು ತೆರೆದು, ಹೊಸ ಮುಖ್ಯಸ್ಥ ಇತ್ತ ಬರುತ್ತಿದ್ದಾನೆ. ಅಕ್ಕ ಅವನತ್ತ ಗಲ್ಲ ಎತ್ತಿ ತೋರಿಸುತ್ತಾರೆ. “ಕುರ್ಚಿ ಅವನೇ ಇಟ್ಕೊಳ್ಳಲಿ. ಆದ್ರೆ ಅಂಥಾ ಹುಡುಗಿ ಒಬ್ಬಳನ್ನ ತಯಾರು ಮಾಡಲಿ, ನೋಡೋಣ.”