ಲಾರಿಯ ಬೆನ್ನ ಮೇಲಿನ ಒಲೆ

ಯುದ್ಧದ ವರ್ಷಗಳಲ್ಲಿ ಪುಣೆಯ ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಅಡಿಗೆಮನೆಯಲ್ಲಿ, ನಮ್ಮ ಅವ್ವನ ಸ್ವಾಧೀನದಲ್ಲಿ. ಇನ್ನೊಂದು ಅಂಗಳದಲ್ಲಿ, ಅಪ್ಪನ ಲಾರಿಯ ಬೆನ್ನಿಗೆ ಕಟ್ಟಿದ್ದು. ಪೆಟ್ರೋಲು ರೇಶನ್ ಚೀಟಿಯ ಮೇಲೆ ತೊಟ್ಟು ತೊಟ್ಟಾಗಿ ಸಿಗುತ್ತಿದ್ದ ಕಾಲ ಅದು. ಲಾರಿ ಇದ್ದವರು ಅದರ ಹಿಂದೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕೂಡಿಸಿ, ಒಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಅದರಿಂದ ಹುಟ್ಟುವ ಗ್ಯಾಸಿನ ಮೇಲೆ ಗಾಡಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದೊಡ್ಡ ಮಾತಾಯಿತು. ಲೋಣಾವಳದ ಘಾಟು ಹತ್ತುವ ಕಸುವು ನಮ್ಮ ಲಾರಿಗೆ ಇರಲಿಲ್ಲ. ಭವಾನಿ ಪೇಠೆಯಿಂದ ಸ್ಟೇಶನ್ನಿನ ಮಾಲಧಕ್ಕೆಗೆ, ಸರಕು ಏರಿಸುವ ಕಟ್ಟೆಗೆ, ಬೆಲ್ಲದ ಪೆಂಟೆ ಹೊತ್ತುಕೊಂಡು ಹೋಗಿ ಬಂದರೆ ಅದೇ ಅದರ ಪುರುಷಾರ್ಥ.

ನಾನು ಹೇಳುತ್ತಿರುವ ದಿನ ಅದು ಬೆಲ್ಲದ ಜೊತೆಗೆ ನನ್ನ ಸೋದರತ್ತೆಯನ್ನೂ ಸ್ಟೇಶನ್ನಿಗೆ ಒಯ್ಯಬೇಕಾಗಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಈಗ ಅವಳನ್ನು ಬಾಗಲಕೋಟೆಯ ಕಡೆಗೆ, ಅವಳ ಮೈದುನನ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಆ ಮೈದುನ ಬಾ ಎಂದಿರಲಿಲ್ಲ, ಬರಬೇಡ ಎಂದೂ ಅಂದಿರಲಿಲ್ಲ. ಅಂಥ ಮನೆಯಲ್ಲಿ ಮಕ್ಕಳಿಲ್ಲದ ವಿಧವೆಯ ಪಾಡು ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿತ್ತಿಲ ಬದಿಯ ಕತ್ತಲೆ ಕೋಣೆ, ಎಲ್ಲರ ಊಟವಾದ ಮೇಲೆ ಉಳಿದದ್ದು, ಮನೆಮಂದಿಯ ಬಟ್ಟೆಯೆಲ್ಲ ಅವಳ ತಲೆಗೆ. ಗೊತ್ತಿದ್ದೂ ಕಳಿಸುತ್ತಿದ್ದೆವು.

ಕಾರಣ ಅಡಿಗೆಮನೆ. ನಮ್ಮ ಅವ್ವ ಕೆಟ್ಟವಳಲ್ಲ, ಆದರೆ ಒಲೆಯ ಮುಂದೆ ಕೂತರೆ ಕಲೆಕ್ಟರ ಸಾಹೇಬನಿಗಿಂತ ಒಂದು ಕೈ ಮೇಲು. ಅತ್ತೆಯೇನು ಕಡಿಮೆಯೇ? ತನ್ನ ಗಂಡನ ಮನೆಯಲ್ಲಿ ವರ್ಷಾನುಗಟ್ಟಲೆ ಅಡಿಗೆಮನೆ ಆಳಿದವಳು. ಬಂದ ಹೊಸದರಲ್ಲೇ ಅವ್ವನ ಬೇಳೆಯ ಗಡಿಗೆಯ ಮುಚ್ಚಳ ತೆಗೆದು ಮೂಸಿ ನೋಡಿದಳು. ಅಲ್ಲಿಂದ ಶುರುವಾಯಿತು ನೋಡಿ. ಒಬ್ಬಳು ಉರಿ ಸಣ್ಣ ಮಾಡಿದರೆ ಇನ್ನೊಬ್ಬಳು ದೊಡ್ಡದು ಮಾಡುವಳು. ಕೊನೆಗೆ ಅವ್ವ ಅತ್ತೆಯನ್ನು ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಕಾಳು ಆರಿಸುವುದು, ಬತ್ತಿ ಹೊಸೆಯುವುದು, ಇಷ್ಟೇ ಅವಳ ಪಾಲಿಗೆ ಬಂತು. ಕೈಗೆ ಕೆಲಸವಿಲ್ಲದೆ ಅತ್ತೆ ನಮ್ಮ ಕಣ್ಣೆದುರೇ ಇಳಿದುಹೋದಳು. ಅಷ್ಟಾದರೂ ಅವ್ವನಿಗೆ ಸಮಾಧಾನವಾಗಲಿಲ್ಲ. "ಅವರರೆ ಇರಲಿ, ಇಲ್ಲಾ ನಾನರೆ ಇರ್ತೇನಿ" ಎಂದು ಅಪ್ಪನಿಗೆ ಹೇಳಿಬಿಟ್ಟಳು. ಅಪ್ಪ ಪೇಟೆಯಲ್ಲಿ ಹುಲಿ, ಮನೆಯೊಳಗೆ ಅವ್ವನ ಮಾತಿಗೆ ಎದುರಾಡಿದವನಲ್ಲ. ನನಗೆ ಇಬ್ಬರ ಮೇಲೂ ಸಿಟ್ಟಿತ್ತು, ಅಪ್ಪನ ಮೇಲೆ ಎಲ್ಲರಿಗಿಂತ ಹೆಚ್ಚು.

ಹೊರಡುವ ದಿನ ಮುಂಜಾನೆ ನಾನು ಎದ್ದಾಗ ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ನಮ್ಮ ಮನೆತನದಲ್ಲಿ ಒಂದು ರೂಢಿ ಇತ್ತು. ತವರಿಗೆ ಬಂದ ಹೆಣ್ಣುಮಗಳು ಹಿಂದಿರುಗುವ ದಿನ ಒಲೆಯನ್ನು ತನ್ನ ಕೈಯಿಂದ ಸಾರಿಸಿ ಹೊರಡಬೇಕು. ಸಗಣಿ, ಕೆಮ್ಮಣ್ಣು ಕಲಸಿ, ಒಲೆಯ ಮೈಗೆಲ್ಲ ಅಂಗೈಯಿಂದ ಬಳಿದು, ತವರಿನ ಒಲೆ ಹೀಗೇ ಉರಿಯುತ್ತಿರಲಿ ಎಂದು ಕೈ ಮುಗಿದು ಹೋಗುವುದು.

"ಇವತ್ತೊಂದಿನ ನಾ ಸಾರಸ್ತೇನವಾ" ಎಂದಳು ಅತ್ತೆ.

"ಆಗಲೇ ಆತ್ರಿ, ಅಕ್ಕಾರ. ಎದ್ದ ಕೂಡಲೇ ನಾನಽ ಸಾರಿಸಿಬಿಟ್ಟೆ" ಎಂದಳು ಅವ್ವ, ತಿರುಗಿ ನೋಡದೆ.

ಅತ್ತೆ ಹಿತ್ತಿಲಿಗೆ ಹೋದಳು. ನಾನು ನೀರು ಕಾಯಿಸಲು ಹೋದೆ. ಅವಳು ಆಮೇಲೆ ಎಲ್ಲಿದ್ದಳು, ಏನು ಮಾಡಿದಳು ಎಂದು ಯಾರೂ ನೋಡಲಿಲ್ಲ.

ಬಿಸಿಲು ಬೀಳುವ ಹೊತ್ತಿಗೆ ಡ್ರೈವರ ಬಂದ. ಸಾಸವಡದ ಕಡೆಯ ಮರಾಠಿ ಮನುಷ್ಯ, ಲಾರಿಗೆ ಎಮ್ಮೆಗೆ ಬೈದಂತೆ ಬೈಯುತ್ತಿದ್ದ, ಬೈದ ಮೇಲೆ ಅದರ ಬಾನೆಟ್ಟು ಸವರುತ್ತಿದ್ದ. ಆ ಲಾರಿ ಚಾಲೂ ಮಾಡುವುದೆಂದರೆ ಒಂದು ಸಣ್ಣ ಯಜ್ಞ. ಡ್ರಮ್ಮಿನ ಬದಿಯ ಪುಟ್ಟ ಬಾಗಿಲು ತೆಗೆದು, ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆಗೆ ಕಡ್ಡಿ ಗೀರಿ ಒಳಗೆ ತುರುಕಬೇಕು. ಇದ್ದಿಲು ಹತ್ತಿಕೊಂಡ ಮೇಲೆ ಬಾಗಿಲು ಮುಚ್ಚಬೇಕು. ಆಮೇಲೆ ಒಳಗೆ ಗಾಳಿ ಎಳೆಯುವ ಪಂಖಾದ ಹಿಡಿಕೆ ತಿರುವುತ್ತ ಇರಬೇಕು, ಕೈ ಸೋಲುವ ತನಕ. ಪಂಖಾದ ಬಾಯಿಗೆ ಕಡ್ಡಿ ಹಿಡಿದಾಗ ನೀಲಿ ಉರಿ ಹೊತ್ತಿದರೆ ಗ್ಯಾಸು ತಯಾರಾಯಿತೆಂದು ಅರ್ಥ. ಹಿಡಿಕೆ ತಿರುವುವ ಕೆಲಸ ನನ್ನದು. ಮ್ಯಾಟ್ರಿಕ್ ಮುಗಿಸಿ ಮದುವೆಗೆ ಕಾದು ಕುಳಿತ ಹುಡುಗಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಯಾವುದಿತ್ತು!

ಆ ಡ್ರಮ್ಮಿನ ಸಂದುಗಳಲ್ಲಿ ಗ್ಯಾಸು ಸೋರುತ್ತಿತ್ತು. ಮಣ್ಣು ಮೆತ್ತು ಎಂದು ಅಪ್ಪ ಡ್ರೈವರನಿಗೆ ದಿನಾ ಹೇಳುತ್ತಿದ್ದ, ಅವನು ದಿನಾ ಹೂಂ ಅನ್ನುತ್ತಿದ್ದ. ಅವತ್ತು ನೋಡಿದರೆ ಡ್ರಮ್ಮಿನ ಕೆಳಗಿನ ಅರ್ಧಕ್ಕೆ ಸೊಗಸಾಗಿ ಮಣ್ಣು ಬಳಿದಿತ್ತು. ಅಂತೂ ಡ್ರೈವರ ಮೈ ಬಗ್ಗಿಸಿದನೆಂದು ಅಪ್ಪ ಖುಷಿಪಟ್ಟ. ಶೇಟ್, ಎಂದರೆ ಅಪ್ಪ, ಯಾರನ್ನೋ ಕರೆಸಿ ಮಾಡಿಸಿದ್ದಾರೆಂದು ಡ್ರೈವರ ತಿಳಿದ. ಒಬ್ಬರನ್ನೊಬ್ಬರು ಕೇಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಬೆಂಕಿ ಹಾಕಿದರು. ಪುಟ್ಟ ಬಾಗಿಲು ತೆರೆದಿರುವ ತನಕ ಇದ್ದಿಲು ಚೆನ್ನಾಗಿಯೇ ಕೆಂಪಾಯಿತು. ಬಾಗಿಲು ಮುಚ್ಚಿ ನಾನು ಹಿಡಿಕೆ ತಿರುವಿದೆ. ಡ್ರೈವರ ಕಡ್ಡಿ ಗೀರಿ ಹಿಡಿದ. ಕಡ್ಡಿ ಸುಟ್ಟು ಅವನ ಬೆರಳಿಗೆ ಬಂತೇ ಹೊರತು ನೀಲಿ ಉರಿ ಕಾಣಲಿಲ್ಲ. ಬಾಗಿಲು ತೆಗೆದು ನೋಡಿದರೆ ಒಳಗೆ ಬೂದಿ ಬಣ್ಣ.

"ಪುನ್ಹಾ ವಿಝಲಂ, ಶೇಟ್" ಎಂದ. ಮತ್ತೆ ಆರಿಹೋಯಿತು ಎಂಬ ಈ ಮಾತನ್ನು ಅವನು ಆ ಮುಂಜಾನೆ ಎಷ್ಟು ಸಲ ಹೇಳಿದನೋ.

ಇದ್ದಿಲು ಹಸಿಯಾಗಿರಬೇಕು ಎಂದ ಅಪ್ಪ. ಮೇಲಿನ ಮುಚ್ಚಳ ತೆಗೆದು ಒಂದು ತುಂಡು ಮುರಿದು ನೋಡಿದರು, ಗರಿಗರಿ ಒಣಗಿತ್ತು. ಗ್ಯಾಸು ಸೋಸುವ ಡಬ್ಬಿಯಲ್ಲಿ ತೆಂಗಿನ ನಾರು ಕಟ್ಟಿಕೊಂಡಿರಬೇಕೆಂದು ಅದನ್ನು ತೆಗೆದು ಕಲ್ಲಿಗೆ ಬಡಿದರು. ಅಂಗಳವೆಲ್ಲ ಮಸಿಯಾಯಿತು, ಲಾರಿ ಮಾತ್ರ ಮಿಸುಕಲಿಲ್ಲ. ಕೊಳವೆ ಕಳಚಿ ಊದಿದರು. ಪ್ಲಗ್ಗು ಬಿಚ್ಚಿ ಧೋತರದ ಚುಂಗಿನಿಂದ ಒರೆಸಿದರು. ಪೆಟ್ರೋಲಿನ ಮೇಲಾದರೂ ಚಾಲೂ ಮಾಡೋಣವೆಂದರೆ ಟಾಕಿಯಲ್ಲಿ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮತ್ತೆ ಬೆಂಕಿ, ಮತ್ತೆ ಬಾಗಿಲು, ಮತ್ತೆ ನನ್ನ ತೋಳು.

ಅತ್ತೆ ಕಟ್ಟೆಯ ಮೇಲೆ ತನ್ನ ಟ್ರಂಕಿನ ಪಕ್ಕದಲ್ಲಿ ಸೆರಗು ಹೊದ್ದು ಕುಳಿತಿದ್ದಳು. ಅವಳು ಹಿಡಿಯಬೇಕಾದ ಸೊಲ್ಲಾಪುರದ ರೈಲುಗಾಡಿಯ ಹೊತ್ತು ಸಮೀಪಿಸುತ್ತಿತ್ತು. ಓಣಿಯ ಕೊನೆಯಲ್ಲೇ ಟಾಂಗಾ ಅಡ್ಡೆ ಇದೆ. ಒಂದು ಟಾಂಗಾ ತರಿಸಿದರಾಯಿತು ಎಂದು ಅಪ್ಪ ಹೇಳಲಿಲ್ಲ. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು, ಅವಳೂ ಹೇಳಲಿಲ್ಲ. ಇದನ್ನು ನಾನು ಆಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಹಿಡಿಕೆ ತಿರುವುತ್ತ ನನ್ನ ಮುಖ ಡ್ರಮ್ಮಿನ ಹತ್ತಿರ ಬಾಗಿತ್ತು. ಆಗ ಕಂಡಿತು. ಆ ಮಣ್ಣಿನ ಮೇಲೆ ಬೆರಳಿನ ಗೆರೆಗಳಿದ್ದವು, ಅರ್ಧಚಂದ್ರಾಕಾರದವು, ಒಂದರ ಪಕ್ಕಕ್ಕೆ ಒಂದು, ಕೆಳಗಿನಿಂದ ಮೇಲಕ್ಕೆ. ಸೋರುವ ಸಂದಿಗೆ ಗಂಡಸರು ಮಣ್ಣು ಮೆತ್ತಿದರೆ ಹಾಗಿರುವುದಿಲ್ಲ. ಒಲೆ ಸಾರಿಸುವ ಕೈ ಮಾತ್ರ ಹಾಗೆ ಆಡುತ್ತದೆ. ಮುಂಜಾನೆ ಹಿತ್ತಿಲಿಗೆ ಹೋದ ಅತ್ತೆ ಆಮೇಲೆ ಎಲ್ಲಿದ್ದಳೆಂಬುದು ನನಗೆ ತಿಳಿದುಹೋಯಿತು. ಡ್ರಮ್ಮಿನ ಬುಡದಲ್ಲಿ, ಬಾಗಿಲು ಮುಚ್ಚಿದ ಮೇಲೆ ಬೆಂಕಿಗೆ ಗಾಳಿ ಹೋಗುವ, ಹೆಬ್ಬೆರಳು ಹಿಡಿಸುವಂಥ ತೂತು ಇರಬೇಕಾದ ಜಾಗದಲ್ಲಿ, ನುಣ್ಣಗೆ ಕೆಮ್ಮಣ್ಣು.

ನಾನು ಬಾಯಿ ಬಿಡಲಿಲ್ಲ. ಗಾಡಿ ತಪ್ಪಲಿ ಅಂದುಕೊಂಡೆ. ಇವತ್ತಿಗೂ ಅದು ನನ್ನ ಜೀವನದ ಜಾಣ ಕೆಲಸಗಳಲ್ಲಿ ಒಂದೆಂದೇ ನನ್ನ ಎಣಿಕೆ. ಎಷ್ಟು ತಿರುವಿದರೂ ಹತ್ತುವುದಿಲ್ಲವೆಂದು ಗೊತ್ತಿದ್ದ ಪಂಖಾವನ್ನು ಮೊದಲಿಗಿಂತ ಜೋರಾಗಿ ತಿರುವುತ್ತ ನಿಂತೆ.

ಅಷ್ಟರಲ್ಲಿ ಅಪ್ಪನ ತಾಳ್ಮೆ ಹರಿಯಿತು. ಡ್ರೈವರನ ಮೇಲೆ ಮರಾಠಿಯಲ್ಲಿ ಹರಿಹಾಯ್ದ. ನಿನ್ನೆಯವರೆಗೆ ಹತ್ತುತ್ತಿದ್ದ ಲಾರಿ ಇವತ್ತು ಯಾಕೆ ಹತ್ತುವುದಿಲ್ಲ, ಏನು ಮಾಡಿ ಇಟ್ಟಿದ್ದೀಯ, ನಾಳೆಯಿಂದ ಬರಬೇಡ ಎಂದ. ಆ ಮನುಷ್ಯ ಮಸಿ ಮೆತ್ತಿದ ಮುಖ ತಗ್ಗಿಸಿ ನಿಂತುಬಿಟ್ಟ.

ಅತ್ತೆ ಎದ್ದು ಬಂದಳು.

"ಅವಗ್ಯಾಕ ಬೈತೀಯೋ ತಮ್ಮಾ? ಏನಾಗ್ಯದ ಹೇಳು."

"ಉರಿ ನಿಂದರವಲ್ತಕ್ಕ. ಒಳಗ ಗಾಳಿ ಹೋಗವಲ್ತು ಅಂತಾನ."

"ಗಾಳಿ ಎಲ್ಲಿಂದ ಹೋಗಬೇಕು?"

"ಬುಡಕ ಒಂದು ತೂತು ಅದಲ್ಲ…" ಎನ್ನುತ್ತ ಅಪ್ಪ ಬಗ್ಗಿದ. ತೂತು ಇರಲಿಲ್ಲ. ಡ್ರೈವರನೂ ಬಗ್ಗಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಅತ್ತೆಯ ಮುಖ ಸಪ್ಪಗಾಯಿತು. "ಅದನ್ನ ನಾನಽ ಮುಚ್ಚೇನೋ ಯಪ್ಪಾ. ಬಿರಕು ಬಿಟ್ಟದ ಅಂತ ತಿಳದೆ. ತವರಮನಿ ಬಿಟ್ಟು ಹೋಗೂ ಮುಂದ ಒಲಿ ಸಾರಸಬೇಕಲ್ಲ. ಒಳಗಿಂದು ಸಾರಿಸಿ ಆಗಿತ್ತು. ಇದೂ ನಿನ್ನ ಮನಿ ಒಲೀನಽ ಅಲ್ಲೇನು? ದಿನಾ ಬೆಂಕಿ ಕಾಣತದ, ನಿಮಗೆಲ್ಲಾ ಅನ್ನಾ ಹಾಕತದ. ಯಾರೂ ಇದಕ ಒಂದು ದಿನಾ ಸಾರಿಸಿದ್ದು ನೋಡಲಿಲ್ಲ. ಇದು ಯಾರ ಒಲೀನೂ ಅಲ್ಲಲ್ಲ, ನಾ ಮುಟ್ಟಿದರ ಯಾರೂ ಏನೂ ಅನ್ನಂಗಿಲ್ಲ ಅಂತ…"

ಅಷ್ಟಕ್ಕೇ ನಿಲ್ಲಿಸಿ, ಬಗ್ಗಿ, ಬೆರಳು ತೂರಿಸಿ ಆ ತೂತನ್ನು ತಾನೇ ಬಿಡಿಸಿದಳು. ನನ್ನ ಕಡೆ ತಿರುಗಿ, "ತಿರುವವಾ, ಹೊತ್ತಾಗತದ" ಎಂದಳು. ನನಗೆ ಹಿಡಿಕೆ ಕಿತ್ತು ಎಸೆಯಬೇಕೆನಿಸಿತು. ಆದರೆ ತಿರುವಿದೆ.

ಮುಚ್ಚಿದ ಬಾಗಿಲ ಹಿಂದೆ ಬೆಂಕಿ ಗುರ್ರೆಂದಿತು. ಕಡ್ಡಿ ಹಿಡಿದದ್ದೇ ತಡ, ಪಂಖಾದ ಬಾಯಲ್ಲಿ ಗೇಣುದ್ದ ನೀಲಿ ಉರಿ ಎದ್ದಿತು. ಸಂದುಗಳೆಲ್ಲ ಮುಚ್ಚಿದ್ದರಿಂದ ಒಂದು ಎಳೆ ಗ್ಯಾಸೂ ಸೋರುತ್ತಿರಲಿಲ್ಲ. ಡ್ರೈವರ ಮುಂದೆ ಓಡಿ ಹ್ಯಾಂಡಲು ಹಾಕಿ ತಿರುವಿದ. ಮೊದಲ ಸುತ್ತಿಗೇ ಎಂಜಿನ್ನು ಎದ್ದು, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ ಅಂಗಳ ನಡುಗಿಸಿತು. ಅಷ್ಟು ಚೆನ್ನಾಗಿ ಆ ಲಾರಿ ಯಾವತ್ತೂ ಚಾಲೂ ಆದದ್ದಿಲ್ಲ. ನನಗೆ ಅಳು ಬಂತು.

ಗಾಡಿಗೆ ಇನ್ನೂ ಹೊತ್ತಿತ್ತು. ಅಪ್ಪ ಡ್ರೈವರನ ಬೆನ್ನು ತಟ್ಟಿದ. ಆಮೇಲೆ ಅತ್ತೆಯ ಮುಖ ನೋಡದೆ, ಲಾರಿಯ ಗಾಲಿ ನೋಡುತ್ತ, "ಹತ್ತಕ್ಕ" ಎಂದ. ಅತ್ತೆ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಟ್ರಂಕಿಗೆ ಕೈ ಹಾಕಿದಳು.

"ಹಂಗ ಹೋಗಬಾರದ್ರಿ" ಎಂದಳು ಅವ್ವ.

ಎಂಜಿನ್ನಿನ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. ಅವ್ವ ಹೊಸ್ತಿಲು ದಾಟಿ ಅಂಗಳಕ್ಕೇ ಇಳಿದಳು. ತಲೆಯ ಮೇಲಿನ ಸೆರಗು ಜಾರಿದ್ದರ ಪರಿವೆ ಅವಳಿಗೆ ಇರಲಿಲ್ಲ. ಅವಳ ಕಣ್ಣು ಕೆಂಪಗಿದ್ದವು. ಹೊಗೆಯೆಂದು ಹೇಳಲು ಅವಳಿಗೆ ಅಂದು ನೆವವಿತ್ತು, ಹೇಳಲಿಲ್ಲ.

"ಒಲಿ ಸಾರಿಸಿದವರು ಆ ಒಲಿ ಮ್ಯಾಲೆ ಮಾಡಿದ ಅಡಗಿ ಉಣ್ಣದ ಮನಿ ಬಿಡಬಾರದು."

"ಎಲ್ಲಿದಿದು ಹೊಸಾ ಶಾಸ್ತ್ರಾ? ನಾ ಎಂದೂ ಕೇಳಿಲ್ಲ" ಎಂದ ಅಪ್ಪ. ನಾನೂ ಕೇಳಿರಲಿಲ್ಲ. ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

"ನೀವು ಕೇಳಿಲ್ಲಂದ್ರ ಶಾಸ್ತ್ರ ಇಲ್ಲಂತೇನು?"

"ಅಲ್ಲಾ, ಲಾರಿ ಮ್ಯಾಲೆ ಯಾರರೆ ಅಡಗಿ ಮಾಡತಾರೇನು? ಆ ಡ್ರಮ್ಮಿನ್ಯಾಗ ಎಂದರೆ ಅಡಗಿ ಆಗತದೇನು?"

"ಆಗಂಗಿಲ್ಲ" ಎಂದಳು ಅವ್ವ. "ಅದಕಽ ಅಕ್ಕಾರು ಎಲ್ಲಿಗೂ ಹೋಗಂಗಿಲ್ಲ."

ಅಪ್ಪ ಡ್ರೈವರನಿಗೆ ಬೆಲ್ಲ ತೆಗೆದುಕೊಂಡು ನಡೆ ಎಂದು ಕೈ ಮಾಡಿದ. ಲಾರಿ ಹೊರಬಿತ್ತು. ಗಂಡ ಸತ್ತ ಸುದ್ದಿ ಹೇಳುವಾಗಲೂ ನಮ್ಮೆದುರು ಕಣ್ಣೀರು ಹಾಕದ ಅತ್ತೆ, ನಡು ಅಂಗಳದ ಮಸಿಯಲ್ಲೇ ಕುಳಿತು ಗಟ್ಟಿಯಾಗಿ ಅತ್ತಳು. ಅವ್ವ ಪಕ್ಕದಲ್ಲಿ ಕುಳಿತು ಅವಳ ಕೈಗೆ ಮೆತ್ತಿದ ಮಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

ಟ್ರಂಕು ಒಳಗೆ ತರಲು ನಾನು ಹೋದೆ. ಭಾರವಾಗಿರಬಹುದೆಂದು ಎರಡೂ ಕೈ ಹಾಕಿ ಜೀವ ಬಿಟ್ಟು ಎಳೆದವಳು ಹಿಂದಕ್ಕೆ ಬೀಳುವುದೊಂದು ಬಾಕಿ. ಒಂದು ಸಂಸಾರ ಮಾಡಿ ಮುಗಿಸಿದ ಹೆಂಗಸಿನ ಆ ಟ್ರಂಕು ಒಂದೇ ಕೈಯಲ್ಲಿ ಮೇಲೆದ್ದು ಬಂತು.