ಉಪ್ಪಿನಲ್ಲಿರುವ ನೀಲಕ್ಕ

ನೀಲಕ್ಕನಿಗೆ ಏನನ್ನೇ ಕಲಿಸಿ, ಕಲಿಸಿದ ಕೂಡಲೇ ಮಲಗಲು ಬಿಡಬೇಕು. ಇಲ್ಲದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಬಲೆ ಹೆಣೆಯುವುದನ್ನೂ ಗಿರಾಕಿಗಳ ಕೊಂಕಣಿಯನ್ನೂ ಅವಳು ಹಾಗೆಯೇ ಕಲಿತದ್ದು. ಮಲಗುವ ಮುಂಚೆ ಬರೀ ತಪ್ಪು, ಎದ್ದ ಮೇಲೆ ಸರಿ. ಅವಳ ತಾಯಿ ಸುಬ್ಬಿ ಇದಕ್ಕೊಂದು ಕಾರಣ ಹೇಳುತ್ತಿದ್ದಳು.

"ಉಪ್ಪು ಹಾಕಿದ ಮೀನ ಯಾರಾರೂ ಕೆದಕ್ತ್ರಾ? ಸುಮ್ನೆ ಬಿಟ್ರೆ ಉಪ್ಪು ತಾನೇ ಹಿಡಿತದೆ."

ಹಾಗಾಗಿ ಅಂಕೋಲೆಯ ನಮ್ಮ ಕೇರಿಯಲ್ಲಿ ನೀಲಕ್ಕ ಮಲಗುವುದಿಲ್ಲ, ಉಪ್ಪಿನಲ್ಲಿರುತ್ತಾಳೆ. ಗಂಡ ಕುಪ್ಪ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ವಾಪಸು ಕಳಿಸುತ್ತಾನೆ. ಕಲಿತದ್ದನ್ನು ಮೆದುಳು ನಿದ್ರೆಯಲ್ಲೇ ಗಟ್ಟಿ ಮಾಡಿಕೊಳ್ಳುತ್ತದಂತೆ ಎಂದು ಮಗಳು ಮನಿಷಾ ಮೊಬೈಲಿನಲ್ಲಿ ಓದಿ ಹೇಳಿದಾಗ ಕುಪ್ಪ, "ಅವ್ರಿಗೂ ನಮ್ಮತ್ತೆನೇ ಹೇಳಿರ್ಬೇಕು" ಎಂದ.

ನೀಲಕ್ಕ ಮೀನು ಮಾರುವುದು ಶೆಟಗೇರಿಯಲ್ಲಿ. ಆ ದಾರಿಯ ಬಸ್ಸಿನ ಕಂಡಕ್ಟರ್ ದೇವಿದಾಸ ಅವಳ ಬಂಗಡೆ ತಿಂದೇ ಬೆಳೆದವನು. ಆದರೂ ಒಂದು ದಿನ ಅವಳನ್ನು ನಡುದಾರಿಯಲ್ಲಿ ಇಳಿಸಿಬಿಟ್ಟ.

"ಬುಟ್ಟಿ ವಾಸ್ನೆ ಬತ್ತದೆ, ಪ್ಯಾಸೆಂಜರ್ ಬೈತ್ರು. ಇಳಿ ಇಳಿ!"

ಬಸ್ಸಿನಲ್ಲಿದ್ದವರು ನಕ್ಕರು. ಅವರಲ್ಲಿ ಅರ್ಧ ಜನ ಅವಳ ಗಿರಾಕಿಗಳೇ, ನಾಚಿಕೆಗೆಟ್ಟವರು. ಆ ನಗು ನೀಲಕ್ಕನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಇನ್ನು ಆ ಬಸ್ಸು ಹತ್ತುವುದಿಲ್ಲ ಎಂದು ಹಟ ಹಿಡಿದು, ಐವತ್ತು ದಾಟಿದ ಮೇಲೆ ಸ್ಕೂಟಿ ಕಲಿಯಲು ಹೊರಟಳು.

ಮನಿಷಾ ಕಲಿಸಿದಳು. ಬ್ರೇಕಿಗೊಂದು ನಿದ್ರೆ, ತಿರುವಿಗೊಂದು ನಿದ್ರೆ. ಹೀಗೆ ಮಲಗಿ ಎದ್ದು ಲೈಸೆನ್ಸ್ ಪರೀಕ್ಷೆಗೆ ಕಾರವಾರಕ್ಕೆ ಹೋದರೆ, ಅಲ್ಲಿ ನೆಲದ ಮೇಲೆ ಎಂಟು ಬರೆದಿಟ್ಟಿದ್ದರು. ಅದರ ಮೇಲೆ ಗಾಡಿ ಓಡಿಸುತ್ತ ಎರಡು ಸಲವೂ ನೆಲಕ್ಕೆ ಕಾಲೂರಿ ಫೇಲಾದಳು.

"ಇನ್ನೊಂದೇ ಚಾನ್ಸ್" ಎಂದರು ಇನ್ಸ್‌ಪೆಕ್ಟರು.

"ಹಂಗಾರೆ ಒಂದ್ಗಳಿಗೆ ಮನಿಕಂತೆ, ಸಾಯ್ಬ್ರೆ."

ತಮಾಷೆ ಎಂದುಕೊಂಡು ಅವರು ತಲೆಯಾಡಿಸಿದರು. ನೀಲಕ್ಕ ಎಂಟರ ಕೆಳಗಿನ ಸುತ್ತಿನೊಳಗೇ ಹೆಲ್ಮೆಟ್ಟನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯತೊಡಗಿದಳು. ಎಬ್ಬಿಸಲು ಬಂದವರಿಗೆ ಮನಿಷಾ ಅಡ್ಡ ನಿಂತಳು.

"ಮುಟ್ಬೇಡಿ! ಆಯಿ ಉಪ್ಪಿನಲ್ಲಿದ್ದಾಳೆ. ಅರ್ಧಕ್ಕೆ ತೆಗೆದ್ರೆ ಕೆಟ್ಟೋತಾಳೆ."

ಕೆಟ್ಟರೆ ಏನಾಗುತ್ತದೆಂದು ಕೇಳುವ ಧೈರ್ಯ ಇನ್ಸ್‌ಪೆಕ್ಟರಿಗೆ ಬರಲಿಲ್ಲ. ಉಳಿದವರು ಅವಳನ್ನು ಸುತ್ತಿಕೊಂಡೇ ಪರೀಕ್ಷೆ ಕೊಟ್ಟರು. ಮಲಗಿದ ಹೆಂಗಸಿನ ಮೇಲೆ ಗಾಡಿ ಹತ್ತೀತೆಂಬ ಹೆದರಿಕೆಗೆ ಒಬ್ಬನೂ ಗೆರೆ ದಾಟಲಿಲ್ಲ, ಎಲ್ಲರೂ ಪಾಸು. ಕೊನೆಗೆ ನೀಲಕ್ಕ ತಾನಾಗಿ ಎದ್ದಳು, ಸೆರಗಿನ ಮಣ್ಣು ಕೊಡವಿದಳು, ಗಾಡಿ ಹತ್ತಿ ಎಂಟು ಹಾಕಿದಳು. ಕಾಲು ನೆಲಕ್ಕೆ ತಾಗಲಿಲ್ಲ. ಸುದ್ದಿ ಕೇಳಿದಾಗ ನನಗಂತೂ ಕಣ್ಣು ತುಂಬಿ ಬಂತು.

ಲೈಸೆನ್ಸ್ ಕೈಗೆ ಬಂದ ಮರುದಿನವೇ ಹಿಂದಿನ ಸೀಟಿಗೆ ಬುಟ್ಟಿ ಕಟ್ಟಿಕೊಂಡು ಶೆಟಗೇರಿಯ ದಾರಿ ಹಿಡಿದಳು. ಇಕ್ಕಟ್ಟಿನ ರಸ್ತೆ, ನಟ್ಟನಡುವೆ ನೀಲಕ್ಕ, ಆಮೆಯ ನಡಿಗೆ. ಹಿಂದಿನಿಂದ ದೇವಿದಾಸನ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಬಂಗಡೆಯ ವಾಸನೆ ಗಾಳಿಗೆ ಹಾರಿ ಕಿಟಕಿಗಳೊಳಗೆ ನುಗ್ಗಿತು. ದೇವಿದಾಸ ಬಾಗಿಲಲ್ಲಿ ನೇತಾಡುತ್ತ ಕೂಗಿದ.

"ನೀಲಕ್ಕಾ, ಸೈಡ್ ಕೊಡೇ!"

"ಅದ ಇನ್ನೂ ಕಲೀಲಿಲ್ವೋ ತಮ್ಮಾ! ಇವತ್ತು ಮನಿಗೆ ಹೋಗಿ ಮನಿಕಂತೆ, ನಾಳಿಗೆ ನೋಡ್ವ!"

ಶೆಟಗೇರಿಯವರೆಗೂ ಬಸ್ಸು ಬುಟ್ಟಿಯ ಹಿಂದೆಯೇ ಹೋಯಿತು.