ಕ್ಲೋರಿನ್ ನಡುವಿನ ಗೋಡೆ

ಗೆಳೆಯರೇ, ಇವತ್ತು ಬ್ಯಾಡಗಿಯ ನಮ್ಮ ಕಾಲೇಜಿನಲ್ಲಿ, ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಲೇ, ಕ್ಲೋರಿನ್ ಅಣುವಿನ ಎಲೆಕ್ಟ್ರಾನ್ ಚುಕ್ಕಿ ಚಿತ್ರ ಬರೆಯಲು ನನ್ನ ವಿದ್ಯಾರ್ಥಿನಿ ಗಿರಿಜಾಗೆ ಹೇಳಿದೆ. ಬೋರ್ಡಿನ ಮೇಲೆ ಎರಡು ಪರಮಾಣುಗಳಿಗೂ ಏಳೇಳು ಚುಕ್ಕಿ ಇಟ್ಟಳು. ಸರಿಯಾಗಿತ್ತು. ಆಮೇಲೆ ನಡುವಿನ ಜೋಡಿ ಚುಕ್ಕಿಗಳ ಮಧ್ಯೆ ಉದ್ದಕ್ಕೆ ಗೆರೆ ಎಳೆದುಬಿಟ್ಟಳು!

“ಇದೇನವಾ?”

“ಗೋಡಿ ರೀ ಸರ್. ಅತ್ಲಾಗ ಒಂದು, ಇತ್ಲಾಗ ಒಂದು. ತಂಟಾ ಇರೂದಿಲ್ರಿ.”

“ಹಿಂಗ ಪಾಲು ಮಾಡಿದ್ರ ಇಬ್ಬರಿಗೂ ಏಳ ಉಳಿತಾವ. ಎರಡೂ ಇಬ್ಬರವು ಅಂದ್ರಷ್ಟ ಎಂಟು ತುಂಬತಾವ, ಅಣು ನಿಲ್ಲತೈತಿ.”

ಅವಳು ಡಸ್ಟರ್ ಹಿಡಿದು ನಿಂತೇ ಇದ್ದಳು. “ಹಂಗಾದ್ರ ನಮ್ಮಪ್ಪ, ಕಾಕಾ ಪಡಸಾಲಿ ನಡುವ ಗೋಡಿ ಕಟ್ಟಿದ್ದೂ ತಪ್ಪೇನ್ರಿ?”

“ಅದು ಪರೀಕ್ಷಾದಾಗ ಬರೂದಿಲ್ಲ, ಕುಂದ್ರು,” ಎಂದೆ.

ಈಗ ಮನೆಯಲ್ಲಿ, ನನ್ನ ಪಾಲಿನ ಅರ್ಧ ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಗೋಡೆಯಾಚೆ ಅಣ್ಣನೂ ಕೆಮ್ಮುತ್ತಿದ್ದಾನೆ.